ಹಳೆಯ ನೆಲದ ಮೇಲೆ ವಿನೈಲ್ ಟೈಲ್: ಅಂಟಿಸುವ ಮುನ್ನ ನೋಡಬೇಕಾದದ್ದು

ಶ್ರೀ ಸತ್ಯಸಾಯಿ ಜಿಲ್ಲೆಯ ಚಿಲಮತ್ತೂರು, ಹಿಂದೂಪುರ ಭಾಗದ ಹಳೆಯ ಮನೆಗಳಲ್ಲಿ ಗ್ರಾನೈಟ್ ಚಪ್ಪಡಿ, ಕಡಪ ಕಲ್ಲು, ರೆಡ್ ಆಕ್ಸೈಡ್ ಅಥವಾ ಬರಿಯ ಸಿಮೆಂಟ್ ಗಾರೆಯ ನೆಲಗಳೇ ಹೆಚ್ಚು. ಇವನ್ನು ಒಡೆದು ಹೊಸ ಟೈಲ್ ಕೂರಿಸುವ ಖರ್ಚಿಗೂ ಧೂಳಿಗೂ ಹಿಂಜರಿಯುವವರು ಅಂಟುಸಹಿತ ವಿನೈಲ್ ಟೈಲ್‌ಗಳನ್ನು ಆರಿಸಿಕೊಳ್ಳಬಹುದು. ವಿನೈಲ್ ಎಂಬುದು ಪಾಲಿವಿನೈಲ್ ಕ್ಲೋರೈಡ್ ಎಂಬ ಪ್ಲಾಸ್ಟಿಕ್. ಪೆಡಸಾದ ಈ ವಸ್ತುವನ್ನು ಬಾಗುವಂತೆ ಮೆದುಗೊಳಿಸುವ ವಿಧಾನವನ್ನು ಅಮೆರಿಕದ ವಾಲ್ಡೊ ಸೆಮನ್ 1926ರಲ್ಲಿ ಕಂಡುಕೊಂಡರು. ಸಾಮಾನ್ಯವಾಗಿ 1.5ರಿಂದ 2 ಮಿ.ಮೀ. ದಪ್ಪವಿರುವ ಈ ಟೈಲ್‌ನ ಬೆನ್ನಿಗೆ ಅಂಟನ್ನು ಸವರಿ, ಅದರ ಮೇಲೆ ಸುಲಿದು ತೆಗೆಯುವ ಕಾಗದವನ್ನು ಹೊದಿಸಿರುತ್ತಾರೆ. ಈ ಅಂಟು ಒಣಗಿ ಗಟ್ಟಿಯಾಗುವಂಥದ್ದಲ್ಲ, ಒತ್ತಡದಿಂದ ಹಿಡಿದುಕೊಳ್ಳುವಂಥದ್ದು. ಆದ್ದರಿಂದ ನೆಲದಲ್ಲಿ ಧೂಳು, ಜಿಡ್ಡು ಅಥವಾ ತೇವವಿದ್ದರೆ ಎಷ್ಟು ದುಬಾರಿಯ ಟೈಲ್ ಆದರೂ ಕೆಲವೇ ತಿಂಗಳಲ್ಲಿ ಅಂಚು ಬಿಡುತ್ತದೆ.

ಮಳೆ ಕಡಿಮೆಯಾದ ಸೀಮೆಯಲ್ಲಿ ತೇವದ ಭಯವೇಕೆ ಎಂದು ತೋರಬಹುದು. ಆದರೆ ಹಳೆಯ ಮನೆಗಳ ನೆಲದಡಿಯಲ್ಲಿ ತೇವ ತಡೆಯುವ ಪದರ ಇರುವುದು ವಿರಳವಾದ್ದರಿಂದ, ಮಣ್ಣಿನ ನೀರು ಗಾರೆಯ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರುತ್ತದೆ. ಬೇಸಿಗೆಯಲ್ಲಿ ಒಣಗಿದಂತೆ ಕಾಣುವ ನೆಲವೂ ಮಳೆಗಾಲದ ಕೊನೆಗೆ ಹಸಿಯಾಗಿರಬಹುದು. ಎರಡಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚುಗಳಿಗೆ ಟೇಪ್ ಹಚ್ಚಿ ಒಂದು ದಿನ ಬಿಟ್ಟು ನೋಡಬೇಕು. ಹಾಳೆಯ ಒಳಬದಿಯಲ್ಲಿ ಹನಿ ಕಂಡರೆ ಅಥವಾ ಕೆಳಗಿನ ನೆಲ ಕಪ್ಪಾಗಿದ್ದರೆ ಆ ಕೋಣೆಗೆ ವಿನೈಲ್ ಬೇಡ.

ಟೈಲ್ ತೆಳುವಾದ್ದರಿಂದ ಅಡಿಯಲ್ಲಿರುವ ಪ್ರತಿ ಉಬ್ಬುತಗ್ಗೂ ಕಾಲಾಂತರದಲ್ಲಿ ಮೇಲೆ ಮೂಡುತ್ತದೆ. ಗಾರೆಯವರು ಬಳಸುವ ಹತ್ತಡಿಯ ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲಿಟ್ಟಾಗ ಕೆಳಗೆ 5 ಮಿ.ಮೀ.ಗಿಂತ ಹೆಚ್ಚು ಸಂದು ಕಾಣಬಾರದು. ಚಪ್ಪಡಿಗಳ ನಡುವಿನ ಸಂದುಗಳನ್ನೂ ಬಿರುಕುಗಳನ್ನೂ ನೆಲಕ್ಕೆಂದೇ ತಯಾರಾದ ಸಿಮೆಂಟ್ ಮಿಶ್ರಣದಿಂದ ತುಂಬಬೇಕೇ ಹೊರತು ಗೋಡೆಯ ಪುಟ್ಟಿಯಿಂದಲ್ಲ, ಏಕೆಂದರೆ ಪುಟ್ಟಿ ತುಳಿತಕ್ಕೆ ಪುಡಿಯಾಗುತ್ತದೆ. ಪುಡಿ ಬಿಡುವ ಸಿಮೆಂಟ್ ನೆಲಕ್ಕೆ ಪ್ರೈಮರ್, ಅಂದರೆ ರಂಧ್ರಗಳನ್ನು ಮುಚ್ಚಿ ಅಂಟಿಗೆ ಹಿಡಿತ ಕೊಡುವ ದ್ರವ, ಬಳಿದು ಒಣಗಿಸುವುದು ಅಗತ್ಯ. ವರ್ಷಗಟ್ಟಲೆ ಎಣ್ಣೆ, ಮೇಣ ಉಜ್ಜಿ ಹೊಳಪು ತಂದ ರೆಡ್ ಆಕ್ಸೈಡ್ ನೆಲದ ಮೇಲೆ ಅಂಟು ನಿಲ್ಲುವುದಿಲ್ಲ. ಹೊಳಪನ್ನು ಮರಳು ಕಾಗದದಿಂದ ತೆಗೆಯಲೇಬೇಕಾಗುತ್ತದೆ. ಬಿರುಕಿಲ್ಲದ ಅಂಥ ನೆಲ ಇನ್ನೂ ದಶಕಗಳು ಬಾಳುವಂಥದ್ದು. ಅದನ್ನು ಕೆರೆದು ಪ್ಲಾಸ್ಟಿಕ್ ಹೊದಿಸುವುದು ನಷ್ಟವೇ ಸರಿ.

ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಗೆ ಒಂದಡಿ ಚೌಕದ ಟೈಲ್‌ಗಳು 120 ಬೇಕು. ಕತ್ತರಿಸುವಾಗ ಹಾಳಾಗುವುದಕ್ಕೆ ಶೇ. 10 ಸೇರಿಸಿ 132 ತರಬೇಕು. ಬಣ್ಣದಲ್ಲಿ ವ್ಯತ್ಯಾಸ ಬಾರದಂತೆ ಎಲ್ಲ ಪೆಟ್ಟಿಗೆಗಳ ಬ್ಯಾಚ್ ಸಂಖ್ಯೆ ಒಂದೇ ಇರುವುದು ಒಳ್ಳೆಯದು. ವಿನೈಲ್ ಕಾವಿಗೆ ಹಿಗ್ಗಿ ತಂಪಿಗೆ ಕುಗ್ಗುವುದರಿಂದ, ಹಾಸುವ ಕೋಣೆಯಲ್ಲೇ ಟೈಲ್‌ಗಳನ್ನು ಎರಡು ದಿನ ಇಟ್ಟು, ಬೇಸಿಗೆಯಾದರೆ ಬೆಳಗಿನ ಹೊತ್ತಿನಲ್ಲಿ ಕೆಲಸ ಮಾಡಬೇಕು.

ಹಳೆಯ ಗೋಡೆಗಳು ನೇರವಾಗಿರುವುದು ಅಪರೂಪವಾದ್ದರಿಂದ ಗೋಡೆಯಿಂದ ಆರಂಭಿಸಬಾರದು. ಎದುರುಬದುರು ಗೋಡೆಗಳ ಮಧ್ಯಬಿಂದುಗಳ ನಡುವೆ ಸುಣ್ಣ ಹಚ್ಚಿದ ದಾರವನ್ನು ಬಿಗಿಯಾಗಿ ಎಳೆದು ಮಿಡಿದರೆ ಎರಡು ಗೆರೆಗಳು ಕೋಣೆಯ ನಡುವೆ ಕೂಡುತ್ತವೆ. ಅಲ್ಲಿಂದ ಒಂದು ಗೆರೆಯಲ್ಲಿ ಮೂರಡಿ, ಇನ್ನೊಂದರಲ್ಲಿ ನಾಲ್ಕಡಿ ಗುರುತಿಸಿದಾಗ ಆ ಗುರುತುಗಳ ನಡುವಿನ ದೂರ ಸರಿಯಾಗಿ ಐದಡಿ ಬಂದರೆ ಮೂಲೆಮಟ್ಟ ಸರಿಯಿದೆ ಎಂದರ್ಥ. ಬಾರದಿದ್ದರೆ ಒಂದು ಗೆರೆಯನ್ನು ತಿದ್ದಬೇಕು. ಕಾಗದ ಸುಲಿಯದೆ ಒಂದು ಸಾಲನ್ನು ಜೋಡಿಸಿ ನೋಡಿ, ಗೋಡೆಯ ಬಳಿ ಅರ್ಧ ಟೈಲ್‌ಗಿಂತ ಕಿರಿದಾದ ತುಂಡು ಉಳಿಯುವುದಾದರೆ ಗೆರೆಯನ್ನು ಅರ್ಧ ಟೈಲ್‌ನಷ್ಟು ಸರಿಸಬೇಕು.

ಬೆನ್ನಿನ ಮೇಲಿನ ಬಾಣದ ಗುರುತುಗಳನ್ನು ತಯಾರಕರು ಸೂಚಿಸಿದ ದಿಕ್ಕಿಗೆ ತಿರುಗಿಸಿ, ಒಂದೊಂದೇ ಟೈಲ್‌ನ ಕಾಗದ ಸುಲಿದು, ಮೊದಲು ಅಂಚನ್ನು ಪಕ್ಕದ ಟೈಲ್‌ಗೆ ತಾಗಿಸಿ ಆಮೇಲೆ ಉಳಿದ ಭಾಗವನ್ನು ಇಳಿಸಬೇಕು. ಅಂಟು ಮುಟ್ಟಿದೊಡನೆ ಹಿಡಿಯುವುದರಿಂದ ಸರಿಸಿ ಹೊಂದಿಸಲು ಹೋಗಬಾರದು. ನಡುವಿನಿಂದ ಅಂಚಿನತ್ತ ಕೈಯಿಂದ ಒತ್ತಿ, ನಂತರ ರಬ್ಬರ್ ರೋಲರ್ ಉರುಳಿಸಿದರೆ ಗಾಳಿ ಹೊರಬೀಳುತ್ತದೆ. ಗೋಡೆಯಂಚಿನ ತುಂಡಿಗೆ ಅಳತೆಪಟ್ಟಿಯ ಅಗತ್ಯವಿಲ್ಲ: ಕತ್ತರಿಸಬೇಕಾದ ಟೈಲನ್ನು ಕೊನೆಯ ಇಡೀ ಟೈಲ್‌ನ ಮೇಲೆ ಸರಿಯಾಗಿ ಇಟ್ಟು, ಅದರ ಮೇಲೆ ಮತ್ತೊಂದನ್ನು ಗೋಡೆಗೆ ತಾಗುವಂತೆ ಇರಿಸಿ, ಈ ಮೇಲಿನದರ ಒಳ ಅಂಚಿನ ಗುಂಟ ಕೆಳಗಿನದರ ಮೇಲೆ ಗೆರೆ ಎಳೆದರೆ, ಮುಚ್ಚಿಹೋಗದೆ ಉಳಿದ ಭಾಗವೇ ಬೇಕಾದ ತುಂಡು. ಕಟ್ಟರ್‌ನಿಂದ ಗೀರಿ ಬಾಗಿಸಿದರೆ ಅದು ಸುಲಭವಾಗಿ ತುಂಡಾಗುತ್ತದೆ. ಬಾಗಿಲ ಚೌಕಟ್ಟಿನ ಬಳಿ ಮೊದಲು ರಟ್ಟಿನಲ್ಲಿ ಆಕಾರ ಕತ್ತರಿಸಿ ನೋಡುವುದು ಕ್ಷೇಮ.

ಹಬ್ಬದ ಮುನ್ನಾದಿನ ಬಿಂದಿಗೆಗಟ್ಟಲೆ ನೀರು ಸುರಿದು ಪೊರಕೆಯಿಂದ ತೊಳೆಯುವ ರೂಢಿಯನ್ನು ಈ ನೆಲ ತಾಳುವುದಿಲ್ಲ. ಸಂದಿನಲ್ಲಿ ಇಳಿದ ನೀರು ಅಂಟನ್ನು ಸಡಿಲಿಸುವುದರಿಂದ ಹಿಂಡಿದ ಬಟ್ಟೆಯಿಂದಲೇ ಒರೆಸಬೇಕು. ದಿನವೂ ತೊಳೆದು ರಂಗೋಲಿ ಇಡುವ ಹೊಸ್ತಿಲು, ಬಚ್ಚಲು, ಬಿಸಿಲು ಬೀಳುವ ಅಂಗಳಗಳಿಗೆ ಇದು ಹೊಂದುವುದಿಲ್ಲ. ರಬ್ಬರ್ ತಳದ ಕಾಲೊರೆಸುಗಳು ವಿನೈಲ್ ಮೇಲೆ ಹೋಗದ ಹಳದಿ ಕಲೆ ಬಿಡಬಹುದು. ಎಲ್ಲೋ ಒಂದು ಟೈಲ್ ಕೆಟ್ಟರೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ ಎಬ್ಬಿಸಿ, ಹಳೆಯ ಅಂಟನ್ನು ಕೆರೆದು, ಉಳಿಸಿಟ್ಟ ಟೈಲ್‌ಗಳಲ್ಲಿ ಒಂದನ್ನು ಕೂರಿಸಬಹುದು.