ಮೂಲವ್ಯಾಧಿಗೆ ಕತ್ತರಿಯೊಂದೇ ದಾರಿಯಲ್ಲ

ಡಾಕ್ಟರ ಮುಂದೆ ಹೇಳಿಕೊಳ್ಳಲು ನಾಚಿಕೆ, ಆಪರೇಷನ್ ಅಂದರೆ ಅಂಜಿಕೆ. ಈ ಎರಡರ ನಡುವೆ ಮೂಲವ್ಯಾಧಿಯವರು ವರ್ಷಗಟ್ಟಲೆ ರಕ್ತ ಕಳೆದುಕೊಂಡು, ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬಿಡುವಂತಾದ ಮೇಲೆ ಆಸ್ಪತ್ರೆಗೆ ಬರುತ್ತಾರೆ. ಅಷ್ಟು ದಿನ ಕಾಯಬೇಡಿ.

ಒಳಮೂಲವ್ಯಾಧಿ ಮೊದಲ ಹಂತಗಳಲ್ಲಿದ್ದರೆ ಎಷ್ಟೋ ಸಲ ಕತ್ತರಿಯೇ ಬೇಕಿಲ್ಲ. ಬ್ಯಾಂಡಿಂಗ್ ಚಿಕಿತ್ಸೆಯನ್ನೇ ನೋಡಿ. ಊದಿದ ಗಂಟಿನ ಬುಡಕ್ಕೆ ಪುಟ್ಟ ರಬ್ಬರ್ ಉಂಗುರ ತೊಡಿಸುತ್ತಾರೆ. ರಕ್ತ ಪೂರೈಕೆ ನಿಂತು ಗಂಟು ಬಾಡಿ, ವಾರ ಹತ್ತು ದಿನದಲ್ಲಿ ತಾನೇ ಉದುರುತ್ತದೆ. ಆ ಜಾಗಕ್ಕೆ ನೋವಿನ ಅರಿವು ತೀರಾ ಕಡಿಮೆ, ಹಾಗಾಗಿ ಸಾಮಾನ್ಯವಾಗಿ ಅರಿವಳಿಕೆ ಬೇಡ. ಒಂದೆರಡು ದಿನ ಭಾರ ಕೂತಂತೆ ಅನ್ನಿಸಬಹುದು, ಉದುರುವಾಗ ತುಸು ರಕ್ತವೂ ಕಾಣಬಹುದು. ಕೆಲವರಿಗೆ ಎರಡು ಮೂರು ಸಲ ಹಾಕಬೇಕಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಿಬಿಡಿ. ಆಮೇಲೆ ಜ್ವರ ಬಂದರೆ, ಮೂತ್ರ ಕಟ್ಟಿದರೆ, ನೋವು ಏರುತ್ತಾ ಹೋದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಚಿಕ್ಕ ಗಂಟುಗಳಿಗೆ ಚುಚ್ಚುಮದ್ದೂ ಇದೆ.

ಗೋಡೆಬರಹದಲ್ಲಿ 'ಒಂದೇ ದಿನದಲ್ಲಿ ಗ್ಯಾರಂಟಿ ಗುಣ' ಎನ್ನುವವರ ಹತ್ತಿರ ಮಾತ್ರ ದಯವಿಟ್ಟು ಹೋಗಬೇಡಿ. ರಕ್ತ ಬಂದದ್ದೆಲ್ಲ ಮೂಲವ್ಯಾಧಿಯಲ್ಲ. ಕರುಳಿನ ಕ್ಯಾನ್ಸರ್‌ನಲ್ಲೂ ಹೀಗೇ ರಕ್ತ ಹೋಗಬಹುದು. ಅದಕ್ಕೇ, ಚಿಕಿತ್ಸೆ ಯಾವುದೆಂದು ಯೋಚಿಸುವ ಮೊದಲು ಸರ್ಜನ್ ಹತ್ತಿರ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.