ಶುಶ್ರೂಷೆ ಮಾಡುವವರ ಹಕ್ಕು

ರೋಗಿಯ ಶುಶ್ರೂಷೆ ಶ್ರೇಷ್ಠ ಸೇವೆಯೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಶುಶ್ರೂಷೆ ಮಾಡುವವರೂ ಮನುಷ್ಯರೇ, ಅವರ ದೇಹಕ್ಕೂ ಮನಸ್ಸಿಗೂ ಒಂದು ಮಿತಿಯಿದೆ ಎಂಬುದನ್ನು ನಾವು ಮರೆಯುವುದುಂಟು. ಕೋವಿಡ್ ಕಾಲದಲ್ಲಿ ಆ ಮಿತಿಯ ಆಚೆಗೆ ದುಡಿದವರು ತೀವ್ರ ನಿಗಾ ಘಟಕದ ನರ್ಸುಗಳು.

ವೆಂಟಿಲೇಟರಿನಲ್ಲಿರುವ ರೋಗಿಗೆ ಮಾತಿಲ್ಲ, ಚಲನೆಯಿಲ್ಲ. ಶ್ವಾಸನಾಳದ ಕಫ ತೆಗೆಯುವುದು, ಔಷಧಿಯ ಹನಿಯನ್ನು ಗಮನಿಸುವುದು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ಕಣ್ಣು ಬಾಯಿ ಶುಚಿಗೊಳಿಸುವುದು ಎಲ್ಲವೂ ನರ್ಸಿನ ಕೆಲಸ. ಆದ್ದರಿಂದಲೇ ಇಂಗ್ಲೆಂಡಿನಲ್ಲಿ ಇಂತಹ ಒಬ್ಬ ರೋಗಿಗೆ ಒಬ್ಬ ನರ್ಸ್ ಎಂಬ ಕ್ರಮವಿತ್ತು. 2020ರ ವಸಂತದಲ್ಲಿ ಆ ಕ್ರಮ ಮುರಿಯಿತು. ತರಬೇತಿ ಪಡೆದ ಒಬ್ಬ ನರ್ಸ್ ಮೂರು, ನಾಲ್ಕು, ಕೆಲವೆಡೆ ಆರು ರೋಗಿಗಳ ಹೊಣೆ ಹೊರಬೇಕಾಯಿತು. ನೆರವಿಗೆಂದು ಬೇರೆ ವಾರ್ಡುಗಳಿಂದ ಬಂದ ಅನೇಕರಿಗೆ ಆ ಯಂತ್ರಗಳ ಪರಿಚಯವೇ ಇರಲಿಲ್ಲ. ಮೈಯಿಡೀ ಮುಚ್ಚಿದ ಉಡುಪಿನಲ್ಲಿ ಗಂಟೆಗಟ್ಟಲೆ ನೀರು ಕುಡಿಯುವಂತಿರಲಿಲ್ಲ.

ಪರಿಣಾಮವೇನಾಯಿತು? 2020ರ ಜೂನ್ ಮತ್ತು ಜುಲೈಯಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಇಂಗ್ಲೆಂಡಿನ 9 ಘಟಕಗಳ 709 ವೈದ್ಯರು, ನರ್ಸುಗಳು ಮತ್ತಿತರ ಸಿಬ್ಬಂದಿಯಿಂದ ಪ್ರಶ್ನಾವಳಿಗೆ ಉತ್ತರ ಪಡೆದರು. ಭೀಕರ ಘಟನೆಗಳ ಬಳಿಕ ಮನಸ್ಸನ್ನು ಕಾಡುವ ಆಘಾತದ ಲಕ್ಷಣಗಳು ಶೇ. 40 ಮಂದಿಯಲ್ಲಿ ಕಂಡುಬಂದವು. ಬದುಕಿರುವುದಕ್ಕಿಂತ ಸಾವೇ ಲೇಸು ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳಬೇಕು ಎಂಬ ಯೋಚನೆ ಮತ್ತೆ ಮತ್ತೆ ಬರುತ್ತಿದೆ ಎಂದವರು ಶೇ. 13. ವೈದ್ಯರಿಗಿಂತ ನರ್ಸುಗಳಲ್ಲೇ ಸಂಕಟ ಹೆಚ್ಚಾಗಿತ್ತು.

ಇದಕ್ಕೆಲ್ಲ ಬರೇ ದುಡಿಮೆಯ ಭಾರವೇ ಕಾರಣವೇ? ಅಲ್ಲ. ಮಾಡಬೇಕಾದ ಒಳಿತು ಯಾವುದೆಂದು ತಿಳಿದೂ ಅದನ್ನು ಮಾಡಲಾಗದ ಸ್ಥಿತಿಯೊಂದಿದೆ. 1984ರಲ್ಲಿ ಆಂಡ್ರ್ಯೂ ಜೇಮ್ಟನ್ ಎಂಬ ವಿದ್ವಾಂಸರು ನರ್ಸುಗಳ ಬಗ್ಗೆ ಬರೆಯುತ್ತಾ ಇದನ್ನು ನೈತಿಕ ಸಂಕಟವೆಂದು ಕರೆದರು. ಈ ರೋಗಿಯ ಮಗ್ಗುಲು ಬದಲಿಸುವ ಹೊತ್ತಾಯಿತೆಂದು ನರ್ಸಿಗೆ ಗೊತ್ತು. ಅಷ್ಟರಲ್ಲಿ ಪಕ್ಕದ ಹಾಸಿಗೆಯ ಯಂತ್ರ ಕೂಗುತ್ತದೆ. ಸಾಯುತ್ತಿರುವವನ ಕೈ ಹಿಡಿದು ಕೂರಬೇಕೆಂದು ಗೊತ್ತು, ಸಮಯವಿಲ್ಲ. ಮನೆಗೆ ಹೋದ ಮೇಲೆ ನಿದ್ದೆ ಕೆಡಿಸುವುದು ಆ ದಿನ ಮಾಡಿದ ಕೆಲಸವಲ್ಲ, ಮಾಡದೆ ಉಳಿದ ಕೆಲಸ.

ಬಂಧುಗಳು ಒಳಬರುವಂತಿಲ್ಲದ್ದರಿಂದ ಕೊನೆಯ ಗಳಿಗೆಯ ಕುಟುಂಬವೂ ಅವರೇ ಆದರು. ನಮ್ಮ ದೇಶದಲ್ಲೂ ಇದೇ ಸ್ಥಿತಿಯಿತ್ತು. 2021ರ ಮೇ ತಿಂಗಳಲ್ಲಿ ಕೇರಳದ ಪಟ್ಟಾಂಬಿಯ ಆಸ್ಪತ್ರೆಯೊಂದರಲ್ಲಿ, ಮನೆಯವರು ಬಳಿಯಿಲ್ಲದ ಮುಸ್ಲಿಮ್ ರೋಗಿಯ ಕಿವಿಯಲ್ಲಿ ಹಿಂದೂ ವೈದ್ಯೆಯೊಬ್ಬರು ಕಲಿಮಾ ಉಚ್ಚರಿಸಿದ್ದನ್ನು ಪತ್ರಿಕೆಗಳು ವರದಿ ಮಾಡಿದವು. ನಮ್ಮ ಪಾಲಿನ ಕರ್ತವ್ಯವನ್ನು ನಮ್ಮ ಪರವಾಗಿ ನೆರವೇರಿಸಿದವರ ಋಣ ಸಣ್ಣದಲ್ಲ.

ಆದರೆ ಆ ಋಣವನ್ನು ನಾವು ತೀರಿಸಿದ ಬಗೆ ಹೇಗೆ? 2020ರ ಮಾರ್ಚ್ 22ರ ಸಂಜೆ ದೇಶವಿಡೀ ಚಪ್ಪಾಳೆ ತಟ್ಟಿತು. ಎರಡೇ ದಿನಗಳಲ್ಲಿ, ಆರೋಗ್ಯ ಸಿಬ್ಬಂದಿಯನ್ನು ಬಾಡಿಗೆ ಮನೆಯಿಂದ ಹೊರಹಾಕುವ ಮಾಲಕರ ವಿರುದ್ಧ ದಿಲ್ಲಿ ಸರಕಾರ ಆದೇಶ ಹೊರಡಿಸಬೇಕಾಯಿತು!

ಇಲ್ಲಿ ಸಹನೆಯ ಬಗ್ಗೆ ಒಂದು ಮಾತು. ಸಬ್ರ್ ಎಂಬುದು ಮನುಷ್ಯ ಮೊದಲು ತನಗೆ ತಾನೇ ಬೋಧಿಸಿಕೊಳ್ಳಬೇಕಾದ ಗುಣ. ಇನ್ನೊಬ್ಬರ ಹೆಗಲಿನ ಹೊರೆಯನ್ನು ಇಳಿಸಲು ಸಾಮರ್ಥ್ಯವಿರುವವನು, ಅದನ್ನು ಇಳಿಸದೆ ಅವರಿಗೆ ಸಹನೆಯನ್ನು ಉಪದೇಶಿಸಿದರೆ ಅದು ಉಪದೇಶವಲ್ಲ, ಅನ್ಯಾಯ. ನರ್ಸುಗಳನ್ನು ದೇವತೆಯರೆಂದು ಹೊಗಳುವುದರಲ್ಲೂ ಇದೇ ಅಪಾಯವಿದೆ. ದೇವತೆಗೆ ಹಸಿವು, ನಿದ್ದೆ, ಕಣ್ಣೀರು ಇರುವುದಿಲ್ಲವಲ್ಲ!

ಹಾಗಾದರೆ ಮಾಡಬೇಕಾದುದೇನು?

1. ಆಸ್ಪತ್ರೆ ನಡೆಸುವವರು ರೋಗಿಗಳಿಗೆ ತಕ್ಕಷ್ಟು ನರ್ಸುಗಳನ್ನು ನೇಮಿಸಬೇಕು. ವಿಶ್ರಾಂತಿ, ರಜೆ, ನ್ಯಾಯವಾದ ವೇತನ ಅವರ ಹಕ್ಕು, ಔದಾರ್ಯವಲ್ಲ.

2. ಮನಸ್ಸು ಕುಗ್ಗಿದವರು ನಾಚಿಕೆಯಿಲ್ಲದೆ ವೈದ್ಯರ ನೆರವು ಪಡೆಯುವಂತಾಗಬೇಕು. ಅದು ಈಮಾನಿನ ಕೊರತೆಯಲ್ಲ, ಗಾಯಕ್ಕೆ ಚಿಕಿತ್ಸೆ.

3. ರೋಗಿಯ ಕಡೆಯವರು ಮಾಹಿತಿ ಕೇಳಲು ಒಬ್ಬರನ್ನು ಗೊತ್ತುಪಡಿಸಲಿ. ದುಃಖದ ಸಿಟ್ಟನ್ನು ಬಾಗಿಲಲ್ಲಿ ಸಿಕ್ಕ ನರ್ಸಿನ ಮೇಲೆ ತೀರಿಸದಿರಲಿ.

4. ಮನೆಯ ಮಗಳೋ ಸೊಸೆಯೋ ನರ್ಸಾಗಿದ್ದರೆ, ರಾತ್ರಿ ಪಾಳಿ ಮುಗಿಸಿ ಬಂದವಳಿಗೆ ಅಡುಗೆ ಮನೆಯ ಎರಡನೇ ಪಾಳಿ ಕಾಯದಿರಲಿ. ಅವಳು ಮಲಗಲಿ, ಚಹಾವನ್ನು ನಾವೇ ಮಾಡಿಕೊಳ್ಳೋಣ.

ಸಾಂಕ್ರಾಮಿಕ ಮತ್ತೊಮ್ಮೆ ಬರಬಹುದು. ಆಗ ಹಾಸಿಗೆ, ಯಂತ್ರಗಳನ್ನು ಹಣ ಕೊಟ್ಟು ತರಬಹುದು. ದಣಿದು ಕೆಲಸ ಬಿಟ್ಟು ಹೋದ ಅನುಭವಿ ನರ್ಸನ್ನು ಎಲ್ಲಿಂದ ತರೋಣ?