ಹತ್ತು ರೂಪಾಯಿಯ ಪುಸ್ತಕ

ಅಕ್ಟೋಬರ್ ತಿಂಗಳ ಮಿಷನ್ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಇಗರ್ಜಿಯ ಅಂಗಳದಲ್ಲಿ ಏಲಂ ನಡೆಯುತ್ತದೆ. ಕಾರ್ಕಳ ಕಡೆಯ ಸಣ್ಣ ಊರು ನಮ್ಮದು. ಬೆಳಿಗ್ಗೆಯೇ ಜನ ಮನೆಯಲ್ಲಿ ಬೆಳೆದದ್ದನ್ನು ಹೊತ್ತು ತಂದು ಬೆಂಚುಗಳ ಮೇಲೆ ಸಾಲಾಗಿ ಇಡುತ್ತಾರೆ: ಕದಳಿ ಗೊನೆ, ಬಸಳೆ ಕಟ್ಟು, ಹೀರೆಕಾಯಿ, ಸುವರ್ಣಗೆಡ್ಡೆ, ಕಾಲು ಕಟ್ಟಿದ ಹುಂಜ, ಯಾರೋ ರಾತ್ರಿ ನಿದ್ದೆಗೆಟ್ಟು ಮಾಡಿದ ಕೇಕು. ಶಾಲೆಯಲ್ಲಿ ಟೀಚರ್ ಆಗಿದ್ದವಳು, ಅಕ್ಷರ ದುಂಡಗಿದೆ ಎಂದು ಇಪ್ಪತ್ತೆರಡು ವರ್ಷ ಆ ಏಲಮ್ಮಿನ ಲೆಕ್ಕ ನನ್ನ ಕೈಯಲ್ಲೇ ಇತ್ತು.

ಮೊದಲ ವರ್ಷದ ಒಂದು ಬೂದುಗುಂಬಳ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಬ್ಬಂಟಿಯಾಗಿದ್ದ ಮುದುಕಿಯೊಬ್ಬರು ಅದನ್ನು ಸೊಂಟದ ಮೇಲೆ ಇಟ್ಟುಕೊಂಡು ಎರಡು ಮೈಲಿ ನಡೆದು ತಂದಿದ್ದರು. ಮೈತುಂಬ ಬಿಳಿ ಹುಡಿ, ಅದರ ಮೇಲೆ ಅವರ ಐದು ಬೆರಳಿನ ಗುರುತು. ನಮ್ಮ ವಾರ್ಡಿನ ಗುರಿಕಾರರು ಐವತ್ತು ರೂಪಾಯಿಗೆ ಕೂಗು ಶುರು ಮಾಡಿದರು. ಇನ್ನೂರಕ್ಕೆ ಹಿಡಿದವರು ಕುಂಬಳವನ್ನು ಮನೆಗೆ ಒಯ್ಯದೆ ಬೆಂಚಿನ ಮೇಲೆ ತಿರುಗಿ ಇಟ್ಟು, "ಇನ್ನೊಮ್ಮೆ ಕೂಗಿ" ಎಂದರು. ಹೀಗೆ ಐದು ಸಲ ಆಯಿತು. ಪ್ರತಿ ಸಲವೂ ಆಕೆ ಜಗಲಿಯಿಂದ ಎದ್ದು ನಿಂತು ನೋಡುತ್ತಿದ್ದರು. ಕೊನೆಗೆ ನನ್ನ ಮೇಜಿನ ಹತ್ತಿರ ಬಂದು ಕೇಳಿದರು: "ಟೀಚರ್, ನನ್ನ ಕುಂಬಳದ ದುಡ್ಡು ಎಲ್ಲಿಗೆ ಹೋಗುತ್ತದೆ?"

"ಆಫ್ರಿಕಾಕ್ಕೆ, ಮಾಂಯ್" ಎಂದುಬಿಟ್ಟೆ. ನನಗೆ ಗೊತ್ತಿರಲಿಲ್ಲ. ಲೆಕ್ಕ ಬರೆಯುವವಳಿಗೇ ಹಣ ಹೋಗುವ ದಾರಿ ಗೊತ್ತಿಲ್ಲ ಎಂಬುದು ಆ ರಾತ್ರಿ ನಿದ್ದೆ ಕೊಡಲಿಲ್ಲ.

ಮರುದಿನ ಫಾದರ್ ಹತ್ತಿರ ಹೋಗಿ ಕೂತು ಕೇಳಿಸಿಕೊಂಡೆ. ಆ ದಿನದ ಕಾಣಿಕೆಯೆಲ್ಲ ಒಟ್ಟಾಗಿ ಬಿಷಪರ ಕಚೇರಿಗೆ, ಅಲ್ಲಿಂದ ಬೆಂಗಳೂರಿನ ರಾಷ್ಟ್ರೀಯ ಕಚೇರಿಗೆ ಹೋಗುತ್ತದೆ. ಎಲ್ಲ ದೇಶಗಳಲ್ಲಿ ಮಿಷನ್ ಭಾನುವಾರ ಕೂಡಿದ್ದು ಒಂದೇ ನಿಧಿಯ ಲೆಕ್ಕಕ್ಕೆ ಬರುತ್ತದೆ. ದೇಶದೇಶದ ನಿರ್ದೇಶಕರು ವರ್ಷಕ್ಕೊಮ್ಮೆ ರೋಮಿನಲ್ಲಿ ಕೂಡಿ, ಬಂದ ಅರ್ಜಿಗಳನ್ನು ನೋಡಿ, ಸಾವಿರಕ್ಕೂ ಹೆಚ್ಚು ಮಿಷನ್ ಧರ್ಮಪ್ರಾಂತ್ಯಗಳಿಗೆ ಹಂಚಿಕೆ ಮಾಡುತ್ತಾರೆ. ಅವುಗಳಲ್ಲಿ ಭಾರತದವೂ ಇವೆ. ಆ ಕುಂಬಳ ಆಫ್ರಿಕಾಕ್ಕೆ ಹೋಗಿರಬಹುದು, ನಮ್ಮ ಈಶಾನ್ಯದ ಬೆಟ್ಟಕ್ಕೂ ಹೋಗಿರಬಹುದು. ಮುಂದಿನ ಭಾನುವಾರ ಆಕೆಗೆ ಇದನ್ನೇ ಹೇಳಿದೆ. "ಹಾಗಾದರೆ ನಮ್ಮವರಿಗೂ ಬೇರೆಯವರಿಗೂ ಒಂದೇ ಪಾತ್ರೆಯಿಂದ ಬಡಿಸುವುದು, ಒಳ್ಳೆಯದೇ" ಎಂದರು.

ಈ ಪಾತ್ರೆಗೆ ಮೊದಲು ಕೈ ಹಚ್ಚಿದವಳು ಒಬ್ಬ ಹುಡುಗಿ ಎಂದು ಆಮೇಲೆ ಓದಿ ತಿಳಿದೆ. ಫ್ರಾನ್ಸಿನ ಲಿಯೋನ್ ಪಟ್ಟಣದ ಪೌಲಿನ್ ಜರಿಕೊ, ರೇಷ್ಮೆ ವ್ಯಾಪಾರದ ಮನೆಯವಳು. ಗುರುಮಠದಲ್ಲಿ ಓದುತ್ತಿದ್ದ ಅಣ್ಣ ಏಷ್ಯಾದ ಮಿಷನ್ನುಗಳ ಬಡತನದ ಬಗ್ಗೆ ಕಾಗದ ಬರೆಯುತ್ತಿದ್ದ. ಆಕೆ ರೇಷ್ಮೆ ಕಾರ್ಖಾನೆಯ ಹೆಣ್ಣಾಳುಗಳನ್ನು ಹತ್ತು ಹತ್ತು ಜನರ ಗುಂಪು ಮಾಡಿದಳು. ಒಬ್ಬೊಬ್ಬರಿಂದ ವಾರಕ್ಕೆ ಒಂದು ಸೂ, ಅಂದರೆ ಆಗಿನ ಚಿಲ್ಲರೆ ಕಾಸು. ಜೊತೆಗೆ ದಿನವೂ ಒಂದು ಪ್ರಾರ್ಥನೆ. ಹತ್ತರ ಗುಂಪಿಗೆ ಒಬ್ಬಳು ಮುಖ್ಯಸ್ಥೆ, ನೂರರ ಮೇಲೆ ಇನ್ನೊಬ್ಬಳು. 1822ರ ಮೇ 3ರಂದು ಇದೇ ಒಂದು ಸಂಘವಾಯಿತು. ಮೊದಲ ವರ್ಷದ ಹಣ ಏಷ್ಯಾಕ್ಕೂ ಅಮೆರಿಕದ ಕೆಂಟಕಿ, ಲೂಸಿಯಾನಾಗಳಿಗೂ ಹೋಯಿತು. ಆಗ ಅಮೆರಿಕವೇ ಕೈಯೊಡ್ಡುವ ಮಿಷನ್ ನಾಡು! ಸರಿಯಾಗಿ ನೂರು ವರ್ಷಕ್ಕೆ, 1922ರಲ್ಲಿ, ಹನ್ನೊಂದನೇ ಪಿಯುಸ್ ಪೋಪರು ಆ ಸಂಘವನ್ನು ರೋಮಿಗೆ ತಂದರು. ಮಿಷನ್ ಭಾನುವಾರವನ್ನು ಗೊತ್ತುಮಾಡಿದವರೂ ಅವರೇ, 1926ರಲ್ಲಿ.

ಪಡೆದ ಋಣ ನಮ್ಮ ಕರಾವಳಿಗೂ ಇದೆ. ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು ಫ್ರಾನ್ಸಿನಿಂದ ಮಂಗಳೂರಿಗೆ ಬಂದದ್ದು 1870ರಲ್ಲಿ, ಇಟಲಿಯ ಜೆಸ್ವಿತರು 1878ರ ಕೊನೆಯ ದಿನ. ಫಾದರ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲು ಕೂತ ಜಾಗ ಇವತ್ತು ದೊಡ್ಡ ಆಸ್ಪತ್ರೆ. ನನ್ನ ತಾಯಿ ನನ್ನನ್ನು ಹೆತ್ತದ್ದು ಅಲ್ಲೇ. ಆ ಮನೆಗಳ ಅಡಿಗಲ್ಲಿನಲ್ಲಿ ಯಾವ ಯಾವ ಊರಿನ ಯಾರ ಯಾರ ಚಿಲ್ಲರೆ ಕಾಸು ಸೇರಿದೆಯೋ, ಅವರ ಮುಖವನ್ನು ನಾವು ಕಂಡವರಲ್ಲ.

ಮೊದಲ ಜಗಳ ಬಂದದ್ದು ಚಾವಣಿಯ ವಿಷಯಕ್ಕೆ. ಒಂದು ಮಳೆಗಾಲದಲ್ಲಿ ನಮ್ಮ ಸಭಾಭವನದ ಹಂಚು ಸೋರಿತು. ಆ ವರ್ಷದ ಏಲಂ ಚೆನ್ನಾಗಿ ಆಗಿತ್ತು. ಅರ್ಧ ಹಣವನ್ನು ಹಂಚಿಗೆ ತೆಗೆಯೋಣ ಎಂದು ಪಾಲನಾ ಮಂಡಳಿಯಲ್ಲಿ ಮಾತು ಬಂತು. ಬೇಡ ಎನ್ನಲು ನನಗೂ ಬಾಯಿ ಬರಲಿಲ್ಲ, ನಮ್ಮದೇ ಮನೆ ಸೋರುತ್ತಿತ್ತಲ್ಲ. ಫಾದರ್ ಎದ್ದು ಹೋಗಿ ಧರ್ಮಸಭೆಯ ಕಾನೂನಿನ ಪುಸ್ತಕ ತಂದು 1267ನೇ ವಿಧಿಯನ್ನು ಓದಿಸಿದರು. ಭಕ್ತರು ಯಾವ ಉದ್ದೇಶಕ್ಕೆ ಕೊಟ್ಟರೋ ಅದಕ್ಕೇ ಅದು ಸಲ್ಲಬೇಕು ಎಂದಿತ್ತು. ನನಗೆ ಕುಂಬಳದ ಮೇಲಿನ ಬೆರಳ ಗುರುತು ನೆನಪಾಯಿತು. ಹಂಚಿಗೆ ಬೇರೆಯೇ ರಸೀದಿ ಪುಸ್ತಕ ಹೊಡೆಸಿದೆವು. ಕೆಲಸ ಮುಗಿಯಲು ಎರಡು ಮಳೆಗಾಲ ಹಿಡಿಯಿತು. ಹಿಡಿದದ್ದೇ ಸರಿ.

ಇಷ್ಟರಲ್ಲಿ ನನ್ನ ತಂಗಿಗೆ ತಾಂಜಾನಿಯಾಕ್ಕೆ ಹೋಗುವ ಆಜ್ಞೆ ಬಂತು. ಅವಳು ಸಿಸ್ಟರ್, ನರ್ಸ್ ಕಲಿತವಳು. ದಕ್ಷಿಣದ ಒಂದು ಹಳ್ಳಿಯ ಡಿಸ್ಪೆನ್ಸರಿ. ಅಲ್ಲಿಂದ ಬಂದ ಮೊದಲ ಕಾಗದದಲ್ಲಿ ಬರೆದಿದ್ದಳು: "ಅಕ್ಕ, ಇಲ್ಲಿ ಎಲ್ಲಿ ನೋಡಿದರೂ ಗೇರುಮರ, ಮರಗೆಣಸು. ಬೆಳಿಗ್ಗೆ ಎದ್ದಾಗ ಊರಲ್ಲೇ ಇದ್ದೇನೆ ಅನಿಸುತ್ತದೆ."

ಅವಳಿಗೆ ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ನಾನು ಮಾಡಿದ ತಪ್ಪುಗಳು ಒಂದೆರಡಲ್ಲ.

ಸಾಮಾನು ಕಳಿಸಿದ್ದು ಮೊದಲನೆಯದು. ಊರೆಲ್ಲ ಓಡಾಡಿ ಹಳೆಯ ಹೊಲಿಗೆ ಯಂತ್ರ ನಾಲ್ಕು, ಬಟ್ಟೆಯ ಮೂಟೆ, ಪೆಟ್ಟಿಗೆ ತುಂಬ ಮಾತ್ರೆ ಕೂಡಿಸಿ ಹಡಗಿಗೆ ಹಾಕಿಸಿದೆ. ದಾರ್ ಎಸ್ ಸಲಾಮ್ ಬಂದರಿನಲ್ಲಿ ಔಷಧಕ್ಕೆ ಬೇಕಾದ ಅನುಮತಿ ಪತ್ರವಿಲ್ಲ ಎಂದು ಎಲ್ಲವೂ ನಿಂತುಹೋಯಿತು. ದಿನ ದಿನಕ್ಕೂ ಬಾಡಿಗೆ ಏರಿತು. ತಂಗಿ ರೋಗಿಗಳನ್ನು ಬಿಟ್ಟು ಎರಡು ಸಲ ರಾತ್ರಿ ಬಸ್ಸು ಹಿಡಿದು ಬಂದರಿಗೆ ಹೋದಳು. ಪೆಟ್ಟಿಗೆ ಕೈಗೆ ಬರುವ ಹೊತ್ತಿಗೆ ಮಾತ್ರೆಗಳ ಅವಧಿ ಮುಗಿದಿತ್ತು. ಅಂಥದೇ ಹೊಲಿಗೆ ಯಂತ್ರ ಅಲ್ಲಿನ ಪೇಟೆಯಲ್ಲೇ ಸಿಗುತ್ತಿತ್ತು, ನಾವು ಕಟ್ಟಿದ ಬಾಡಿಗೆಗಿಂತ ಕಡಿಮೆಗೆ. ಅವಳು ಬೈಯಲಿಲ್ಲ. "ಮುಂದಿನ ಸಲ ಏನು ಬೇಕು ಅಂತ ಮೊದಲು ಕೇಳು ಅಕ್ಕ" ಎಂದಳು, ಅಷ್ಟೇ.

ಎರಡನೆಯದು ಫೋಟೋ. ಕಾಗದದ ಜೊತೆ ಅವಳು ಕಳಿಸಿದ್ದ ಚಿತ್ರಗಳಲ್ಲಿ ಹರಿದ ಅಂಗಿಯ ಹುಡುಗನೊಬ್ಬನಿದ್ದ. ಅದನ್ನು ದೊಡ್ಡದು ಮಾಡಿಸಿ ಏಲಮ್ಮಿನ ಬೆಂಚಿನ ಹಿಂದೆ ತೂಗುಹಾಕಿದೆ. ಜನರ ಕಣ್ಣು ಒದ್ದೆಯಾಯಿತು, ಕೂಗು ಏರಿತು. ಮರುವರ್ಷ ಅವಳು ರಜೆಗೆ ಬಂದಾಗ ಸಂತೋಷದಿಂದಲೇ ತೋರಿಸಿದೆ. ಅವಳ ಮುಖ ಸಣ್ಣದಾಯಿತು. ಆ ಹುಡುಗ ಅವತ್ತು ಮರಗೆಣಸಿನ ಗದ್ದೆಯಿಂದ ಹಾಗೇ ಎದ್ದು ಬಂದಿದ್ದನಂತೆ. ಇಗರ್ಜಿಗೆಂದು ಅವನ ಅಮ್ಮ ಒಗೆದು ಮಡಚಿಟ್ಟ ಬಿಳಿ ಅಂಗಿ ಮನೆಯಲ್ಲಿತ್ತಂತೆ. "ಆಕೆ ಇದನ್ನು ನೋಡಿದರೆ ನನ್ನ ಮಗನನ್ನು ಗದ್ದೆ ಬಟ್ಟೆಯಲ್ಲಿ ಯಾಕೆ ನಿಲ್ಲಿಸಿದಿರಿ ಅಂತ ಕೇಳುತ್ತಾಳೆ. ನಾನು ಏನು ಹೇಳಲಿ?" ಎಂದಳು. ಮೊಳೆಯಿಂದ ಫೋಟೋ ಬಿಚ್ಚುವಾಗ ನನ್ನ ಕೈ ನಡುಗಿತು. ಶಾಲೆಯಲ್ಲಿ ಮೂವತ್ತು ವರ್ಷ ತಾಯಂದಿರನ್ನು ಕಂಡವಳು ನಾನು. ಮಗುವಿನ ಫೋಟೋ ತೆಗೆಯುವ ದಿನ ಎಣ್ಣೆ ಹಚ್ಚಿ ತಲೆ ಬಾಚಿ ಕಳಿಸದ ತಾಯಿಯನ್ನು ಒಬ್ಬಳನ್ನೂ ನೋಡಿಲ್ಲ. ಅಂದಿನಿಂದ ಆ ಬೆಂಚಿನ ಹಿಂದೆ ಲೆಕ್ಕದ ಹಾಳೆ ಮಾತ್ರ ತೂಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಭಾರವಾದದ್ದು. ಡಿಸ್ಪೆನ್ಸರಿಯ ಹೆರಿಗೆ ಕೋಣೆಯನ್ನು ಪೂರ್ತಿ ನಾನೇ ಕಟ್ಟಿಸಿಕೊಡುತ್ತೇನೆ ಎಂದು ವಿದೇಶದಲ್ಲಿದ್ದ ಉದ್ಯಮಿಯೊಬ್ಬರು ಮಾತು ಕೊಟ್ಟರು. ಬಾಗಿಲ ಮೇಲೆ ತಂದೆತಾಯಿಯ ಹೆಸರಿನ ಕಲ್ಲು ಹಾಕಿಸಬೇಕು ಎಂದಷ್ಟೇ ಕೇಳಿಕೆ. ಅವರನ್ನು ತಂಗಿಗೆ ಪರಿಚಯ ಮಾಡಿಸಿದವಳು ನಾನೇ. ಇನ್ನು ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ ಎಂದು ಊರಿನಲ್ಲಿ ಕೂಡಿಸುವುದನ್ನೇ ನಿಲ್ಲಿಸಿಬಿಟ್ಟೆ. ಮೊದಲ ಕಂತು ಬಂತು, ಕಲ್ಲಿನಲ್ಲಿ ಹೆಸರು ಕೆತ್ತಿಯೂ ಆಯಿತು. ಆಮೇಲೆ ಅವರ ವ್ಯಾಪಾರ ಬಿತ್ತು, ಫೋನು ಎತ್ತುವುದು ನಿಂತಿತು. ಸೊಂಟದೆತ್ತರದ ಗೋಡೆ ಎರಡು ಮಳೆಗಾಲ ಹಾಗೇ ನೆನೆಯಿತು.

ಆ ದಿನಗಳಲ್ಲಿ ಪೌಲಿನ್‌ಳ ಕಥೆಯ ಉಳಿದ ಭಾಗ ಓದಿದೆ. 1845ರ ಹೊತ್ತಿಗೆ ಆಕೆ ಕೆಲಸಗಾರರಿಗೆ ನ್ಯಾಯವಾದ ಬದುಕು ಕೊಡುವ ಮಾದರಿ ಕಾರ್ಖಾನೆಯೊಂದನ್ನು ರುಸ್ತ್ರೆಲ್ ಎಂಬಲ್ಲಿ ಮಾಡಲು ಹೊರಟಳು. ನಂಬಿದವರು ಮೋಸ ಮಾಡಿದರು. ಅವಳ ಆಸ್ತಿಯ ಜೊತೆಗೆ ಅವಳ ಮಾತು ನಂಬಿ ಬಡವರು ಹಾಕಿದ ಉಳಿತಾಯವೂ ಮುಳುಗಿತು. ಅದನ್ನು ತೀರಿಸಲು ಕೊನೆಯವರೆಗೂ ಬೇಡುತ್ತ, 1862ರ ಜನವರಿಯಲ್ಲಿ ಕಡುಬಡವಳಾಗಿ ತೀರಿಕೊಂಡಳು. ಆದರೆ ವಾರಕ್ಕೊಂದು ಸೂ ಕೊಡುವ ಸಂಘ ನಿಲ್ಲಲಿಲ್ಲ. ಯಾರೊಬ್ಬರ ಹೆಗಲ ಮೇಲೂ ಅದು ನಿಂತಿರಲಿಲ್ಲವಲ್ಲ. 2022ರ ಮೇ 22ರಂದು ಲಿಯೋನಿನಲ್ಲೇ ಅವಳನ್ನು ಧನ್ಯಳೆಂದು ಸಾರಿದರು. ಆ ಸುದ್ದಿ ಓದಿದಾಗ ಮನೆಯವರೇ ಯಾರಿಗೋ ನ್ಯಾಯ ಸಿಕ್ಕಿದ ಹಾಗೆ ಅತ್ತುಬಿಟ್ಟೆ.

ನಮ್ಮ ಊರಿನಲ್ಲಿ ಹತ್ತರ ಗುಂಪು ಹುಟ್ಟಿದ್ದು ಒಂದು ಗೋಣಿಚೀಲದಿಂದ. ಇಲ್ಲಿನ ಹೆಂಗಸರು ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಾರೆ. ನಮ್ಮ ಬೆಳೆ ಸಾಲದೆ ಮಂಗಳೂರು, ಕಾರ್ಕಳದ ಫ್ಯಾಕ್ಟರಿಗಳಿಗೆ ಆಫ್ರಿಕಾದಿಂದ ಹಸಿ ಬೀಜ ಬರುವುದುಂಟು. ಒಂದು ಸಂಜೆ ಸಿಪ್ಪೆ ಸುಲಿಯುವ ವಿಭಾಗದ ಒಬ್ಬಳು ಬೀಜದ ಎಣ್ಣೆಗೆ ಕಪ್ಪಾದ ಬೆರಳಿನಲ್ಲಿ ಚೀಲದ ಒಂದು ತುಂಡು ಹಿಡಿದು ಬಂದಳು. ಅದರ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಹೆಸರನ್ನು ಓದಿಸಿ, "ಇದು ನಿಮ್ಮ ತಂಗಿ ಇರುವ ದೇಶವೇ ಅಲ್ಲವಾ ಟೀಚರ್?" ಎಂದಳು. ಹೌದು ಎಂದೆ. "ಹಾಗಾದರೆ ಅಲ್ಲಿನ ಹೆಂಗಸರು ಹೆಕ್ಕಿದ್ದನ್ನು ನಾವು ಸುಲಿಯುತ್ತೇವೆ" ಎಂದು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಕೊಟ್ಟಳು. ನಾನು ರಸೀದಿ ಬರೆದೆ. ಮುಂದಿನ ವಾರ ಇನ್ನೂ ಒಂಬತ್ತು ಜನರನ್ನು ಕರೆತಂದಳು.

ಈ ಹಣವನ್ನು ಹೇಗೆ ಬಳಸುವುದು ಎಂಬುದನ್ನೂ ಕಲಿಯಬೇಕಾಯಿತು. ಇಲ್ಲಿನ ಧರ್ಮಾರ್ಥ ಟ್ರಸ್ಟು ತನ್ನ ಆದಾಯವನ್ನು ದೇಶದ ಹೊರಗೆ ಖರ್ಚು ಮಾಡಿದರೆ ಆ ಮೊತ್ತಕ್ಕೆ ತೆರಿಗೆ ವಿನಾಯಿತಿ ಇಲ್ಲ, ವಿನಾಯಿತಿ ಬೇಕಾದರೆ ಕೇಂದ್ರ ನೇರ ತೆರಿಗೆ ಮಂಡಳಿಯ ಆದೇಶ ಬೇಕು ಎಂದು ಆಡಿಟರ್ ಮೊದಲೇ ಹೇಳಿದರು. ಒಬ್ಬ ವ್ಯಕ್ತಿ ತನ್ನ ಸ್ವಂತ ಹಣವನ್ನು ಪ್ಯಾನ್ ಸಂಖ್ಯೆ ಕೊಟ್ಟು, ಬ್ಯಾಂಕಿನಲ್ಲಿ ಎ2 ಫಾರಂ ತುಂಬಿ, ರಿಸರ್ವ್ ಬ್ಯಾಂಕಿನ ಮಿತಿಯೊಳಗೆ ಹೊರದೇಶಕ್ಕೆ ದಾನವಾಗಿ ಕಳಿಸಬಹುದು. ನನ್ನ ಪಿಂಚಣಿಯಿಂದ ನಾನು ಹಾಗೆ ಕಳಿಸುತ್ತೇನೆ. ಹತ್ತು ಜನರ ದುಡ್ಡನ್ನು ನನ್ನ ಹೆಸರಿನಲ್ಲಿ ಕಳಿಸುವುದಿಲ್ಲ. ಅದು ಮಂಗಳೂರಿನಲ್ಲಿರುವ ನನ್ನ ತಂಗಿಯ ಮಠಕ್ಕೆ, ರಸೀದಿ ಸಮೇತ, ಇಲ್ಲೇ ಆಗುವ ಖರ್ಚಿಗೆ ಹೋಗುತ್ತದೆ: ಮಿಷನ್ನಿಗೆ ಹೋಗುವ ಸಿಸ್ಟರುಗಳ ವಿಮಾನ ಟಿಕೆಟ್ಟು, ಲಸಿಕೆ, ರಜೆಗೆ ಬಂದಾಗಿನ ವೈದ್ಯಕೀಯ ತಪಾಸಣೆ. ಮಲೇರಿಯಾದಿಂದ ಸೊರಗಿ ಬಂದ ನನ್ನ ತಂಗಿಯ ರಕ್ತಪರೀಕ್ಷೆಯ ಬಿಲ್ಲು ಆ ಪುಸ್ತಕದಲ್ಲಿದೆ. ಕಟ್ಟಡಕ್ಕೆ ಕೊಡಲು ಜನ ಮುಂದೆ ಬರುತ್ತಾರೆ. ಕೆಲಸ ಮಾಡುವವಳ ಹಲ್ಲುನೋವಿಗೆ ಕೊಡಬೇಕು ಎಂದು ಯಾರಿಗೂ ಹೊಳೆಯುವುದಿಲ್ಲ, ನನಗೂ ಹೊಳೆದಿರಲಿಲ್ಲ.

ಪೂಜೆಯ ಕಾಣಿಕೆಗೂ ಹೀಗೊಂದು ದಾರಿ ಇದೆ. ಒಬ್ಬ ಗುರು ದಿನಕ್ಕೆ ಒಂದೇ ಪೂಜೆಯ ಕಾಣಿಕೆಯನ್ನು ತನಗಾಗಿ ಇಟ್ಟುಕೊಳ್ಳಬಹುದು. ನವೆಂಬರಿನಲ್ಲಿ ಸತ್ತವರಿಗಾಗಿ ನಮ್ಮಲ್ಲಿ ಬರೆಸುವ ಪೂಜೆಗಳು ಇಲ್ಲಿ ಹೇಳಿ ಮುಗಿಯುವಷ್ಟಲ್ಲ. ಹೆಚ್ಚಾದವುಗಳನ್ನು ಕಾಣಿಕೆಯ ಸಮೇತ ಬಡ ಮಿಷನ್ನುಗಳ ಗುರುಗಳಿಗೆ ಒಪ್ಪಿಸುತ್ತಾರೆ. ಕುಂಬಳದ ಮಾಂಯ್ ತೀರಿಕೊಂಡ ವರ್ಷ ಅವರ ಹೆಸರಿನ ಪೂಜೆಗಳು ಹಾಗೆ ಹೋದವು.

ಹೆರಿಗೆ ಕೋಣೆಗೆ ಚಾವಣಿ ಹಾಕಿದ್ದು ಏಳನೇ ವರ್ಷ. ಅಲ್ಲಿನ ಜನ ಇಟ್ಟಿಗೆ ಸುಟ್ಟು ಕೊಟ್ಟರು, ಅವರ ಬಿಷಪರು ರೋಮಿಗೆ ಬರೆದ ಅರ್ಜಿಗೆ ತಗಡಿನ ಹಣ ಬಂತು, ನನ್ನ ಪಿಂಚಣಿಯಿಂದ ಒಂದು ಕಿಟಕಿ ಆಯಿತು. ಕೆತ್ತಿದ್ದ ಕಲ್ಲನ್ನು ತಂಗಿ ಬಿಸಾಡಲಿಲ್ಲ. ಕೊಟ್ಟಷ್ಟನ್ನು ಅವರು ಕೊಟ್ಟಿದ್ದಾರೆ ಎಂದು ಒಳಗೋಡೆಗೆ ಹಾಕಿಸಿದಳು.

ಪ್ರತಿ ತಿಂಗಳ ಮೊದಲ ಭಾನುವಾರ ಕೊನೆಯ ಆಶೀರ್ವಾದಕ್ಕೆ ಮುಂಚೆ ಹತ್ತರ ಗುಂಪಿನ ಲೆಕ್ಕ ಓದುತ್ತೇವೆ. ಈಗ ಓದುವುದು ಆ ಗೋಣಿಚೀಲದವಳ ಮಗಳು, ಬಿ.ಕಾಂ. ಮಾಡಿದವಳು. ಹಿಂದಿನ ತಿಂಗಳು ಟಿಕೆಟ್ಟಿನ ಹಣದಲ್ಲಿ ನೂರಾ ನಲವತ್ತು ರೂಪಾಯಿಯ ವ್ಯತ್ಯಾಸ ಕಂಡಿತು. ಆಕೆ ಅಲ್ಲೇ, ಎಲ್ಲರ ಮುಂದೆ, "ವ್ಯತ್ಯಾಸ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ" ಎಂದು ಓದಿದಳು. ಸಂಜೆ ನಮ್ಮ ಮನೆಗೆ ಬಂದು ಜಗಲಿಯಲ್ಲಿ ರಸೀದಿಗಳನ್ನೆಲ್ಲ ಹರಡಿ ಕೂತಳು. ಕತ್ತಲಾಗುವ ಹೊತ್ತಿಗೆ ಸಿಕ್ಕಿತು. ನಾನೇ ಒಂದು ರಸೀದಿಯನ್ನು ಎರಡು ಸಲ ಬರೆದಿದ್ದೆ. ಆಕೆ ಕೆಂಪು ಶಾಯಿಯಲ್ಲಿ ತಿದ್ದಿ, ಪಕ್ಕದಲ್ಲಿ ನನ್ನ ಸಹಿ ಹಾಕಿಸಿಕೊಂಡು, ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಮುಂದಿನ ಮನೆಗೆ ಹೊರಟಳು. ಅವತ್ತು ನಮ್ಮ ವಾರ್ಡಿನ ಹತ್ತು ಜನರ ಸರದಿ ಇತ್ತು.